ಕೈಪಿಡಿಯಲ್ಲಿ ಇಲ್ಲದ ಪುಟ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಯಾವ ಊರಿನ ತಾಲ್ಲೂಕು ಕಚೇರಿ ರಸ್ತೆಗೆ ಹೋದರೂ ಜೆರಾಕ್ಸ್ ಅಂಗಡಿಗಳು ಸಾಲಾಗಿ ಸಿಗುತ್ತವೆ. ಬೋರ್ಡಿನಲ್ಲಿ ಜೆರಾಕ್ಸ್ ಎಂದಿದ್ದರೂ ಒಳಗಿನ ವ್ಯವಹಾರ ಬೇರೆ. ಪಹಣಿ ತೆಗೆಸುವವರು, ಜಾತಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಸುವವರು, ಸ್ಕಾಲರ್‌ಶಿಪ್ಪಿಗೆ ಬಂದ ಹುಡುಗರು, ಹೆಬ್ಬೆಟ್ಟು ಒತ್ತಿ ಪಿಂಚಣಿ ದುಡ್ಡು ಬಿಡಿಸಿಕೊಳ್ಳುವ ಅಜ್ಜಿಯರು ಎಲ್ಲರೂ ಅಲ್ಲಿರುತ್ತಾರೆ. ಇಷ್ಟೂ ಕೆಲಸ ನಡೆಯುವುದು ಅಂಗಡಿಯವರು ಎಂದೋ ಒಂದು ದಿನ ಕೂತು ಆ ಕಂಪ್ಯೂಟರಿಗೆ ಹಾಕಿಕೊಂಡ ಏಳೆಂಟು ತಂತ್ರಾಂಶಗಳ ಬಲದಿಂದ. ನುಡಿ, ಬೆರಳಚ್ಚು ಯಂತ್ರದ ಆರ್‌ಡಿ ಸರ್ವೀಸ್, ಡಿಜಿಟಲ್ ಸಹಿಯ ಡಾಂಗಲ್‌ಗೆ ಬೇಕಾದ ಪ್ರೋಗ್ರಾಂ, ಪ್ರಿಂಟರಿನ ಡ್ರೈವರ್. ಇವುಗಳಲ್ಲಿ ಒಂದು ಕೈಕೊಟ್ಟರೂ ಅಂಗಡಿಯ ಮುಂದೆ ಜನ ನಿಲ್ಲುತ್ತಾರೆ, ಒಳಗಿನಿಂದ ‘ಸರ್ವರ್ ಇಲ್ಲಮ್ಮ, ನಾಳೆ ಬನ್ನಿ’ ಎಂಬ ಮಾತು ಬರುತ್ತದೆ. ಎಷ್ಟೋ ಸಲ ಸರ್ವರ್ ಸರಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಇದೇ ಕಂಪ್ಯೂಟರಿನೊಳಗಿನ ಏನೋ ಒಂದು. ಅದೇನು ಎಂದು ಹೇಳುವ ಕಾಗದ ಯಾರ ಬಳಿಯೂ ಇರುವುದಿಲ್ಲ.

ಇದು ಇಂಗ್ಲಿಷ್ ಬಾರದವರ ಕಷ್ಟ ಎನ್ನುವುದು ಎಲ್ಲರ ಬಾಯಲ್ಲಿರುವ ವಿವರಣೆ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಈ ಅಂಗಡಿಗಳಲ್ಲಿ ಕೂತವರು ಬಹುಪಾಲು ಪದವೀಧರರು. ‘ನೆಕ್ಸ್ಟ್’, ‘ಐ ಅಗ್ರೀ’, ‘ಫಿನಿಶ್’ ಒತ್ತಲು ಅವರಿಗೆ ಯಾರ ಅನುವಾದವೂ ಬೇಕಿಲ್ಲ. ಕನ್ನಡದಲ್ಲೇ ಬರೆದ ಕೈಪಿಡಿಗಳೂ ಅದೇ ಜಾಗದಲ್ಲಿ ಕೈಬಿಡುತ್ತವೆ. ಯಾವ ಭಾಷೆಯ ಕೈಪಿಡಿಯಾದರೂ ಎಲ್ಲವೂ ಸರಿಹೋದಾಗ ಏನಾಗುತ್ತದೆ ಎಂಬುದನ್ನಷ್ಟೇ ಬರೆದಿರುತ್ತದೆ. ಸರಿಹೋಗದಿದ್ದಾಗ ತೆರೆಯಬೇಕಾದ ಪುಟ ಅದರಲ್ಲಿ ಇರುವುದಿಲ್ಲ.

ಮೊದಲು ಹೀಗಿರಲಿಲ್ಲ, ಏಕೆಂದರೆ ಮೊದಲು ಕೈಪಿಡಿಯ ಅಗತ್ಯವೇ ಇರಲಿಲ್ಲ. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿ, ಕೈಬರಹದ ಪಹಣಿಗೆ ಮಾನ್ಯತೆ ಹೋದ 2000–2002ರ ದಿನಗಳನ್ನು ನೆನೆಯಿರಿ. 177 ತಾಲ್ಲೂಕು ಕೇಂದ್ರಗಳಲ್ಲೂ ಒಂದೇ ಬಗೆಯ ವ್ಯವಸ್ಥೆ, ಎನ್‌ಐಸಿ ಬರೆದ ಒಂದೇ ತಂತ್ರಾಂಶ. ಹಾಕಿಕೊಡುವುದಕ್ಕೂ ಕೆಟ್ಟರೆ ನೋಡುವುದಕ್ಕೂ ಆ ಕೆಲಸ ಬಲ್ಲವರನ್ನೇ ಇಟ್ಟಿದ್ದರು. ಗ್ರಾಮ ಲೆಕ್ಕಿಗರು ಬೆರಳಚ್ಚು ಕೊಟ್ಟು ಒಳಗೆ ಹೋಗುವ ಏರ್ಪಾಡು ಆಗಲೇ ಇತ್ತು, ಅದರ ಡ್ರೈವರ್ ಹುಡುಕುವ ಪಾಡು ಲೆಕ್ಕಿಗರದಾಗಿರಲಿಲ್ಲ. ಸಮಸ್ಯೆ ಹುಟ್ಟಿದ್ದು ಕಂಪ್ಯೂಟರ್ ತಾಲ್ಲೂಕು ಕಚೇರಿಯ ಗಾಜಿನ ಕೋಣೆ ಬಿಟ್ಟು ಪಂಚಾಯಿತಿಗೆ, ಹಾಲಿನ ಡೈರಿಗೆ, ಮಂಡಿಗೆ, ಜೆರಾಕ್ಸ್ ಅಂಗಡಿಗೆ ಬಂದ ಮೇಲೆ. 2022ರಲ್ಲಿ ಗ್ರಾಮ ಒನ್ ಬಂದಾಗ ಸರ್ಕಾರದ ಸೇವೆಗಳು ಊರೂರಿಗೆ ಹೋದವು. ಜತೆಗೆ ಯಂತ್ರವನ್ನು ಹೊಂದಿಸಿಕೊಳ್ಳುವ ಹೊಣೆಯೂ ಊರಿನವರ ತಲೆಗೇ ಬಂತು.

ಕನ್ನಡ ಅಕ್ಷರದ ಕಥೆಯನ್ನೇ ನೋಡಿ. ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ನುಡಿ ಕೆಲವೇ ವರ್ಷಗಳಲ್ಲಿ ಸರ್ಕಾರಿ ಕಚೇರಿಗಳ ತುಂಬ ಹರಡಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕಲಿಯಲು ಸುಲಭ, ಒಂದು ವಾರದಲ್ಲಿ ಕೈಗೆ ಕೂರುತ್ತಿತ್ತು. ತೊಡಕು ಟೈಪಿಂಗಿನಲ್ಲಿರಲಿಲ್ಲ. ನುಡಿಯಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಹೋಗಿಬರಲು ಸ್ಕ್ರಾಲ್ ಲಾಕ್ ಕೀಲಿ ಒತ್ತಬೇಕು. ಹಳೆಯ ದಪ್ಪ ಕೀಬೋರ್ಡಿನಲ್ಲಿ ಆ ಕೀಲಿ ಬೇರೆ ಯಾವ ಕೆಲಸಕ್ಕೂ ಬಾರದೆ ಮೇಲ್ಗಡೆ ಸುಮ್ಮನೆ ಕೂತಿರುತ್ತಿತ್ತು, ಹಾಗಾಗಿ ಅದನ್ನು ಆರಿಸಿದ್ದು ಜಾಣತನವೇ. ಆಮೇಲೆ ಲ್ಯಾಪ್‌ಟಾಪ್ ಬಂತು. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಆ ಕೀಲಿಯೇ ಇಲ್ಲ. ನುಡಿ ಸರಿಯಾಗಿ ಇನ್‌ಸ್ಟಾಲ್ ಆಗಿದೆ, ಕೆಳಗೆ ಮೂಲೆಯಲ್ಲಿ ಗುರುತೂ ಕಾಣುತ್ತಿದೆ, ಕನ್ನಡ ಮಾತ್ರ ಬರುತ್ತಿಲ್ಲ. ವಿಂಡೋಸ್‌ನಲ್ಲೇ ಇರುವ ಪರದೆಯ ಮೇಲಿನ ಕೀಬೋರ್ಡ್ ತೆರೆದು, ಅಲ್ಲಿರುವ ಸ್ಕ್ರಾಲ್ ಲಾಕ್ ಮೇಲೆ ಮೌಸ್‌ನಿಂದ ಒತ್ತಿದರೆ ಕೆಲಸ ಆಯಿತು. ಇದು ಒಬ್ಬರಿಂದ ಒಬ್ಬರಿಗೆ ಬಾಯಿಮಾತಿನಲ್ಲೇ ದಾಟಿದ ವಿದ್ಯೆ.

ಎಲ್ಲ ಭಾಷೆಗಳಿಗೂ ಸಮಾನ ಅಕ್ಷರಸಂಕೇತವಾದ ಯೂನಿಕೋಡ್ ಕಡೆ ತಿರುಗಿದಾಗ ಇನ್ನೊಂದು ವಿಚಿತ್ರ ಎದುರಾಯಿತು. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಇತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಅಕ್ಷರಶೈಲಿಯೂ ಬಂತು. ಆದರೆ ಕನ್ನಡ ಒತ್ತಕ್ಷರಗಳು ನೆಟ್ಟಗೆ ಕೂರಬೇಕಾದರೆ ಕಂಟ್ರೋಲ್ ಪ್ಯಾನಲ್ಲಿಗೆ ಹೋಗಿ, ಪ್ರಾದೇಶಿಕ ಭಾಷೆಗಳ ಕಿಟಕಿ ತೆರೆದು ಒಂದು ಚೌಕಕ್ಕೆ ಟಿಕ್ ಹಾಕಬೇಕಿತ್ತು. ಆ ಚೌಕದ ಪಕ್ಕ ಬರೆದಿದ್ದದ್ದು ಇದು: ಕ್ಲಿಷ್ಟ ಲಿಪಿಗಳಿಗೂ ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಿಗೂ ಬೇಕಾದ ಫೈಲುಗಳು, ಥಾಯ್ ಭಾಷೆಯೂ ಸೇರಿ. ಕನ್ನಡದ ಹೆಸರು ಎಲ್ಲೂ ಇಲ್ಲ. ಶ್ರೀನಿವಾಸಪುರದಲ್ಲಿ ಕೂತು ಕನ್ನಡ ಬೇಕೆನ್ನುವವರು ಅರಬ್ಬಿಗೂ ಥಾಯ್‌ಗೂ ಸೇರಿದ ಚೌಕಕ್ಕೆ ಟಿಕ್ ಹಾಕಬೇಕೆಂದು ತಾವಾಗಿಯೇ ಊಹಿಸುವುದು ಸಾಧ್ಯವೆ? ಊಹಿಸಿ ಟಿಕ್ ಹಾಕಿದವರಿಗೂ ಮುಂದಿನ ಕಿಟಕಿ ವಿಂಡೋಸ್ ಸಿಡಿ ಹಾಕಿ ಎನ್ನುತ್ತಿತ್ತು. ಕಂಪ್ಯೂಟರ್ ಜೋಡಿಸಿ ಕೊಟ್ಟ ಅಂಗಡಿಯವರು ಸಿಡಿಯನ್ನು ತಮ್ಮ ಬಳಿಯೇ ಇಟ್ಟುಕೊಂಡಿರುತ್ತಿದ್ದರು. ಹೀಗೆ ಎಷ್ಟೋ ಕಡೆ ಯೂನಿಕೋಡಿನ ಗೊಡವೆಯೇ ಬೇಡವೆಂದು ಹಳೆಯ ನುಡಿ ಫಾಂಟಿನಲ್ಲೇ ಮುಂದುವರಿದರು. ಆ ಕಡತಗಳನ್ನು ಇವತ್ತು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ತಲೆಯ ಮೇಲೆ ಚುಕ್ಕೆ, ಗೀಟು, ಬಳೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಒಂದು ಟಿಕ್‌ನ ಪಕ್ಕ ಕನ್ನಡ ಎಂದು ಬರೆಯದಿದ್ದುದರ ಬೆಲೆಯನ್ನು ಯಾರೂ ಲೆಕ್ಕ ಹಾಕಿಲ್ಲ.

ಆದರೂ ನನ್ನ ಮಟ್ಟಿಗೆ ಈ ಇಡೀ ಪ್ರಶ್ನೆ ಸ್ಪಷ್ಟವಾಗಿ ಕಾಣುವುದು ಹಳ್ಳಿಯ ಹಾಲಿನ ಡೈರಿಯಲ್ಲಿ. ಕೋಲಾರ ಜಿಲ್ಲೆಯಲ್ಲಿ ಟೊಮೆಟೊ ಬೆಲೆ ಬಿದ್ದ ತಿಂಗಳು ಮನೆ ನಡೆಸುವುದು ಹಾಲಿನ ಬಟವಾಡೆ. ಡೈರಿಯಲ್ಲಿ ಹಾಲಿನ ತೂಕಕ್ಕೊಂದು ಯಂತ್ರ, ಫ್ಯಾಟ್ ಮತ್ತು ಎಸ್‌ಎನ್‌ಎಫ್ ನೋಡುವುದಕ್ಕೊಂದು ಯಂತ್ರ. ಎರಡರ ಅಂಕಿಯೂ ಕಂಪ್ಯೂಟರಿಗೆ ಹೋಗಿ ಉತ್ಪಾದಕರ ಕೈಗೆ ಚೀಟಿ ಬರಬೇಕು. ಈ ಯಂತ್ರಗಳು ಮಾತಾಡುವುದು ಹಳೆಯ ಸೀರಿಯಲ್ ಪೋರ್ಟಿನ ಭಾಷೆಯಲ್ಲಿ. ಹೊಸ ಕಂಪ್ಯೂಟರಿನಲ್ಲಿ ಆ ಒಂಬತ್ತು ಸೂಜಿಯ ಪೋರ್ಟ್ ಇಲ್ಲ, ಯುಎಸ್‌ಬಿ ಮಾತ್ರ ಇದೆ. ನಡುವೆ ಒಂದು ಪರಿವರ್ತಕ ಕೇಬಲ್ ಬೇಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅದು ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ಮೇಲೆ ಯಾವ ಕಂಪನಿಯ ಹೆಸರೂ ಇರುವುದಿಲ್ಲ.

ಕೇಬಲ್ಲಿನ ತುದಿಯ ಪ್ಲಾಸ್ಟಿಕ್ಕಿನೊಳಗೆ ಒಂದು ಚಿಪ್ ಇದೆ. ಅದು ಪ್ರೊಲಿಫಿಕ್ ಕಂಪನಿಯದಾಗಿರಬಹುದು, ಎಫ್‌ಟಿಡಿಐನದಾಗಿರಬಹುದು, ಚೀನಾದ ಸಿಎಚ್340 ಆಗಿರಬಹುದು, ಇವುಗಳ ನಕಲೂ ಆಗಿರಬಹುದು. ಡೈರಿ ತಂತ್ರಾಂಶದ ಕೈಪಿಡಿ ‘ಕೇಬಲ್ ಜೋಡಿಸಿ, ಪೋರ್ಟ್ ಆರಿಸಿ’ ಎಂಬಷ್ಟಕ್ಕೆ ನಿಲ್ಲುತ್ತದೆ. ನಿಜವಾಗಿ ಆಗುವುದೇ ಬೇರೆ. ಡಿವೈಸ್ ಮ್ಯಾನೇಜರ್ ತೆರೆದರೆ ಹಳದಿ ತ್ರಿಕೋನ, ಕೋಡ್ 10. ವಿಂಡೋಸ್ 10ರ ಕಂಪ್ಯೂಟರಿನಲ್ಲಿ ಪ್ರೊಲಿಫಿಕ್‌ನ ಹೊಸ ಡ್ರೈವರ್ ಹಳೆಯ ಚಿಪ್ ಕಂಡರೆ ಅದರ ಹೆಸರಿನ ಜಾಗದಲ್ಲೇ ‘ಇದನ್ನು 2012ರಿಂದ ಕೈಬಿಡಲಾಗಿದೆ, ನಿಮಗೆ ಮಾರಿದವರನ್ನು ಸಂಪರ್ಕಿಸಿ’ ಎಂಬರ್ಥದ ಸಾಲು ತೋರಿಸುತ್ತದೆ. ಮಾರಿದವರು ಎಸ್.ಪಿ. ರೋಡಿನ ಯಾವ ಮೂಲೆಯಲ್ಲಿದ್ದಾರೋ! ಪರಿಹಾರ ಉಂಟು. ಡ್ರೈವರ್ ಅಪ್‌ಡೇಟ್‌ಗೆ ಹೋಗಿ, ತಾನಾಗಿ ಹುಡುಕಲು ಬಿಡದೆ, ಪಟ್ಟಿಯಿಂದ ಹಳೆಯ ಆವೃತ್ತಿಯನ್ನು ನಾವೇ ಆರಿಸಬೇಕು. ಆಗ ತ್ರಿಕೋನ ಹೋಗುತ್ತದೆ. ವಿಂಡೋಸ್ ಮತ್ತೆ ಅಪ್‌ಡೇಟ್ ಆದ ದಿನ ಅದು ಮರಳಿ ಬಂದರೂ ಬಂತು.

ಅದಾದ ಮೇಲೆ ಪೋರ್ಟಿನ ಸಂಖ್ಯೆ. ಬೆಳಗ್ಗೆ ಕಾಮ್ 3 ಆಗಿದ್ದದ್ದು, ಗುಡಿಸುವಾಗ ಕೇಬಲ್ ಕಿತ್ತು ಪಕ್ಕದ ತೂತಿಗೆ ಹಾಕಿದರೆ ಸಂಜೆ ಕಾಮ್ 5 ಆಗಿರುತ್ತದೆ. ತಂತ್ರಾಂಶ ಮಾತ್ರ ಇನ್ನೂ ಕಾಮ್ 3ರ ಬಾಗಿಲಲ್ಲೇ ಕಾಯುತ್ತಿರುತ್ತದೆ. ಹಾಲು ಹೊಯ್ಯಲು ಬಂದವರು ಕ್ಯಾನು ಹಿಡಿದು ನಿಂತಿದ್ದಾರೆ, ಹಾಲಿನ ಗಾಡಿ ಬರುವ ಹೊತ್ತಾಗಿದೆ, ಸೆಕ್ರೆಟರಿ ಪುಸ್ತಕ ತೆಗೆದು ಕೈಯಲ್ಲೇ ಬರೆಯಲು ಶುರುಮಾಡುತ್ತಾರೆ. ಕೇಬಲ್ಲಿನ ಮೇಲೆ ಒಂದು ತುಂಡು ಟೇಪ್ ಅಂಟಿಸಿ ‘ಇದನ್ನು ಈ ತೂತಿಗೇ ಹಾಕಬೇಕು’ ಎಂದು ಪೆನ್ನಿನಲ್ಲಿ ಬರೆದ ಡೈರಿಗಳಿವೆ. ಆ ಟೇಪಿನ ತುಂಡು ಮುದ್ರಿತ ಕೈಪಿಡಿಗಿಂತ ಉತ್ತಮ ತಾಂತ್ರಿಕ ಬರವಣಿಗೆ ಎಂದು ನಾನು ವಾದಿಸಲು ಸಿದ್ಧ.

ಇದು ನಮ್ಮೂರಿನ ಗೋಳು ಮಾತ್ರ ಎಂದುಕೊಳ್ಳಬೇಕಿಲ್ಲ. 2014ರ ಅಕ್ಟೋಬರಿನಲ್ಲಿ ಎಫ್‌ಟಿಡಿಐ ಕಂಪನಿಯ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ಹರಡಿ, ನಕಲಿ ಚಿಪ್‌ಗಳ ಗುರುತು ಸಂಖ್ಯೆಯನ್ನೇ ಸೊನ್ನೆ ಮಾಡಿಬಿಟ್ಟಿತು. ಜಗತ್ತಿನಾದ್ಯಂತ ಪ್ರಯೋಗಾಲಯದ ಉಪಕರಣಗಳಿಂದ ಹಿಡಿದು ಹವ್ಯಾಸಿಗಳ ಸರ್ಕಿಟ್‌ವರೆಗೆ ಎಷ್ಟೋ ಸಾಧನಗಳು ಇದ್ದಕ್ಕಿದ್ದಂತೆ ಸತ್ತವು. ಗಲಾಟೆಯಾಗಿ ಕಂಪನಿ ಆ ಡ್ರೈವರನ್ನು ಹಿಂತೆಗೆದುಕೊಂಡಿತು. ವ್ಯತ್ಯಾಸ ಏನೆಂದರೆ, ಅಲ್ಲಿ ಕಷ್ಟಪಟ್ಟವರು ಅದನ್ನು ಬರೆದಿಟ್ಟರು. ಅವರ ಬರವಣಿಗೆ ಹುಡುಕಿದರೆ ಸಿಗುತ್ತದೆ. ಡೈರಿ ಸೆಕ್ರೆಟರಿಯ ಕಷ್ಟ ಹಾಲಿನ ಪುಸ್ತಕದಲ್ಲಿ ಕೈಬರಹದ ಒಂದು ಹೊತ್ತಾಗಿ ಮುಗಿದುಹೋಗುತ್ತದೆ.

ಬೆರಳಚ್ಚು ಯಂತ್ರದ್ದು ಇನ್ನೊಂದು ಬಗೆ. ಅಲ್ಲಿ ಮಾಹಿತಿ ಇದೆ, ಜನರಿಗೆ ತಲುಪುವುದಿಲ್ಲ. 2017ರಿಂದ ಆಧಾರ್ ದೃಢೀಕರಣಕ್ಕೆ ನೋಂದಾಯಿತ ಯಂತ್ರಗಳನ್ನೇ ಬಳಸಬೇಕು. ಅಂದರೆ ಯಂತ್ರದ ಜತೆ ಆರ್‌ಡಿ ಸರ್ವೀಸ್ ಎಂಬ ಪ್ರೋಗ್ರಾಂ ಕಂಪ್ಯೂಟರಿನ ಒಳಗೇ ಸದಾ ಓಡುತ್ತಿರಬೇಕು. ಬ್ರೌಸರಿನಲ್ಲಿ ತೆರೆದ ಪೋರ್ಟಲ್ ಅದನ್ನು ಕಂಪ್ಯೂಟರಿನ ಒಳವಿಳಾಸದಲ್ಲಿ, 11100ರಿಂದ 11120ರ ನಡುವಿನ ಯಾವುದೋ ಪೋರ್ಟಿನಲ್ಲಿ ಹುಡುಕುತ್ತದೆ. ಆಂಟಿವೈರಸ್ ಅಡ್ಡ ಬಂದರೆ, ಬ್ರೌಸರ್ ಹೊಸ ನಿಯಮ ತಂದರೆ, ಮುಳಬಾಗಿಲಿನವರ ಬಾಯಲ್ಲಿ ‘ಆರ್‌ಡಿ ರೀಚಾರ್ಜ್’ ಆಗಿರುವ ನೋಂದಣಿಯ ಅವಧಿ ಮುಗಿದರೆ, ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ.

ನಿಲ್ಲುವಾಗ ಯಂತ್ರ ಕಾರಣ ಹೇಳುತ್ತದೆ. ಆಧಾರ್ ಪ್ರಾಧಿಕಾರವೇ ನಿಗದಿ ಮಾಡಿದ ಸಂಖ್ಯೆಗಳಿವೆ. 700 ಅಂದರೆ ಕೊಟ್ಟ ಸಮಯದೊಳಗೆ ಬೆರಳು ಸಿಗಲಿಲ್ಲ. 710 ಅಂದರೆ ಬೇರೆ ಪ್ರೋಗ್ರಾಂ ಯಂತ್ರವನ್ನು ಹಿಡಿದುಕೊಂಡಿದೆ. 720 ಅಂದರೆ ಯಂತ್ರವೇ ತಯಾರಿಲ್ಲ. ಇವು ತಿಳಿದರೆ ತೊಂದರೆ ಬೆರಳಿನದೋ ತಂತ್ರಾಂಶದ್ದೋ ಎಂಬುದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಆದರೆ ಎಷ್ಟೋ ಪೋರ್ಟಲ್‌ಗಳು ಈ ಸಂಖ್ಯೆಯನ್ನು ನುಂಗಿಕೊಂಡು ‘ವಿಫಲ’ ಎಂದಷ್ಟೇ ತೋರಿಸುತ್ತವೆ. ಆಗ ಬಯ್ಯಿಸಿಕೊಳ್ಳುವುದು ಬೆರಳು. ಕಳೆ ಕಿತ್ತು, ಬಿಸಿನೀರಿನಲ್ಲಿ ರೇಷ್ಮೆಗೂಡು ತಡಕಾಡಿ ಸವೆದ ಬೆರಳುಗಳು ಈ ಜಿಲ್ಲೆಯಲ್ಲಿ ಕಡಿಮೆ ಇಲ್ಲ. ‘ಕೈ ತೊಳ್ಕೊಂಡ್ ಬಾರಜ್ಜಿ’ ಎಂದು ಅಜ್ಜಿಯನ್ನು ನಲ್ಲಿಗೆ ಕಳಿಸುತ್ತಾರೆ. ಅಲ್ಲಿ 720 ಬಂದಿದ್ದರೆ ಅಜ್ಜಿ ಎಷ್ಟು ಸಲ ಕೈ ತೊಳೆದರೂ ಅಷ್ಟೇ.

ಡಿಜಿಟಲ್ ಸಹಿಯ ಡಾಂಗಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇ-ಸ್ವತ್ತಿಗೆ ಪಿಡಿಒ ಸಹಿ, ಟೆಂಡರಿಗೆ ಗುತ್ತಿಗೆದಾರರ ಸಹಿ, ಎಲ್ಲಕ್ಕೂ ಅದು ಬೇಕು. ಹಿಂದೆ ಇಂಥ ಎಷ್ಟೋ ಪೋರ್ಟಲ್‌ಗಳು ಬ್ರೌಸರಿನೊಳಗಿನ ಜಾವಾ ಪ್ಲಗಿನ್ನನ್ನು ನಂಬಿಕೊಂಡಿದ್ದವು. 2015ರಲ್ಲಿ ಕ್ರೋಮ್, 2017ರಲ್ಲಿ ಫೈರ್‌ಫಾಕ್ಸ್ ಅದಕ್ಕೆ ಬಾಗಿಲು ಹಾಕಿದವು. 2022ರ ಜೂನ್‌ನಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕೂಡ ಕಾಲವಾಯಿತು. ಕೈಪಿಡಿಗಳು ಮಾತ್ರ ಅದಾದ ಮೇಲೂ ಎಕ್ಸ್‌ಪ್ಲೋರರಿನ ಚಿತ್ರಗಳನ್ನೇ ತೋರಿಸುತ್ತ ಕೂತಿದ್ದವು.

ಹಾಗಾದರೆ ಇದೆಲ್ಲ ನಡೆಯುತ್ತಿರುವುದು ಹೇಗೆ? ಕೇಳಿ ಕಲಿತು, ನೋಡಿ ಕಲಿತು. ನೋಡುವುದರಲ್ಲಿ ಈ ಗಡಿ ತಾಲ್ಲೂಕುಗಳಿಗೆ ಒಂದು ಅನುಕೂಲ ಇದೆ. ಮುಳಬಾಗಿಲು, ಶ್ರೀನಿವಾಸಪುರದವರಿಗೆ ತೆಲುಗು ಮನೆಮಾತಿನಷ್ಟೇ ಸಲೀಸು. ಹೊಸೂರಿಗೆ ಹತ್ತಿರದ ಮಾಲೂರಿನಲ್ಲಿ ತಮಿಳು ಬಲ್ಲವರು ಬೇಕಾದಷ್ಟು. ಡ್ರೈವರ್ ಹಾಕುವ ವಿಡಿಯೊ ಕನ್ನಡದಲ್ಲಿ ಸಿಗದಿದ್ದರೆ ತೆಲುಗಿನಲ್ಲಿ, ಇಲ್ಲವಾದರೆ ಹಿಂದಿಯಲ್ಲಿ ನೋಡಿ ಮುಗಿಸುತ್ತಾರೆ. ಕೆಲಸ ಆಗುತ್ತದೆ, ನಿಜ. ಆದರೆ ಕನ್ನಡದಲ್ಲಿ ಬೇಕಿತ್ತು ಎಂಬ ಬೇಡಿಕೆ ಯಾರ ಕಿವಿಗೂ ಬೀಳುವುದೇ ಇಲ್ಲ. ವಿಡಿಯೊದಲ್ಲಿ ಇನ್ನೊಂದು ದೋಷ: ಹದಿನೆಂಟು ನಿಮಿಷದ ವಿಡಿಯೊದಲ್ಲಿ ತನಗೆ ಬೇಕಾದ ಒಂದು ಕಿಟಕಿ ಎಲ್ಲಿದೆ ಎಂದು ಹುಡುಕುವುದು ಪುಟ ತಿರುಗಿಸಿದಷ್ಟು ಸುಲಭವಲ್ಲ.

ಯಾವುದೂ ಆಗದಿದ್ದರೆ ಸಹಾಯವಾಣಿ. ಅಲ್ಲಿಂದ ಬರುವ ಮೊದಲ ಪ್ರಶ್ನೆ ‘ಎನಿಡೆಸ್ಕ್ ನಂಬರ್ ಹೇಳಿ ಸಾರ್’. ನಂಬರ್ ಕೊಟ್ಟರೆ ಬಾಣದ ಗುರುತು ತಾನಾಗಿ ಓಡಾಡುತ್ತದೆ, ಕಪ್ಪು ಕಿಟಕಿಯೊಂದು ತೆರೆದು ಮುಚ್ಚುತ್ತದೆ, ಹತ್ತು ನಿಮಿಷದಲ್ಲಿ ಎಲ್ಲ ಸರಿ. ಏನಾಗಿತ್ತು ಎಂದು ಕೇಳಿದರೆ ಅಂಗಡಿಯವರ ಉತ್ತರ, ‘ಅದೇನೋ ಮಾಡಿದ್ರು ಸಾರ್, ಈಗ ಬರ್ತಾ ಇದೆ.’ ಮುಂದಿನ ಸಲವೂ ಅದೇ ಕರೆ, ಅದೇ ಕಾಯುವಿಕೆ. ಬಲ್ಲವರು ಬಂದು ರಿಪೇರಿ ಮಾಡಿ ಹೋಗುತ್ತಾರೆ, ಬಲ್ಲದ್ದನ್ನು ಮಾತ್ರ ಬಿಟ್ಟು ಹೋಗುವುದಿಲ್ಲ. ಮೇಲಾಗಿ, ದೂರದಿಂದಲೇ ಕಂಪ್ಯೂಟರ್ ನಡೆಸುವ ಇಂಥ ತಂತ್ರಾಂಶದ ಮೂಲಕ ಖಾತೆಯ ಹಣ ದೋಚುವವರ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲೇ ಎನಿಡೆಸ್ಕ್ ಹೆಸರೆತ್ತಿ ಎಚ್ಚರಿಸಿತ್ತು. ಅಪರಿಚಿತರಿಗೆ ಆ ನಂಬರ್ ಕೊಡಬೇಡಿ ಎನ್ನುವ ಅಂಗಡಿಯವರೇ ದಿನಾ ಅಪರಿಚಿತ ದನಿಗಳಿಗೆ ಅದನ್ನು ಕೊಡಬೇಕಾದ ಸ್ಥಿತಿ ಇದು.

ಕೈಪಿಡಿಯನ್ನು ಯಾರೂ ಓದುವುದೇ ಇಲ್ಲ, ಬರೆದು ಏನು ಫಲ ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ. 1980ರ ದಶಕದಲ್ಲಿ ಐಬಿಎಂನ ವಾಟ್ಸನ್ ಸಂಶೋಧನಾ ಕೇಂದ್ರದಲ್ಲಿ ಜಾನ್ ಕ್ಯಾರಲ್ ಮತ್ತು ಸಂಗಡಿಗರು, ಕಚೇರಿ ಕೆಲಸದವರು ಹೊಸ ವರ್ಡ್ ಪ್ರೊಸೆಸರ್ ಕಲಿಯುವುದನ್ನು ಪಕ್ಕದಲ್ಲಿ ಕೂತು ಗಮನಿಸಿದರು. ಯಾರೂ ಮೊದಲ ಪುಟದಿಂದ ಓದಲಿಲ್ಲ. ನೇರ ಕೆಲಸಕ್ಕೆ ಕೈ ಹಾಕಿದರು, ತಪ್ಪಿದರು, ತಪ್ಪಿನಿಂದ ಹೊರಬರಲಾಗದೆ ಒದ್ದಾಡಿದರು. ಕ್ಯಾರಲ್ ಇದರಿಂದ ಕೈಪಿಡಿ ಬೇಡ ಎಂಬ ತೀರ್ಮಾನಕ್ಕೆ ಬರಲಿಲ್ಲ. ಪುಟಗಳನ್ನು ಅರ್ಧಕ್ಕಿಂತ ಕಡಿಮೆ ಮಾಡಿ, ಉಳಿದ ಜಾಗದಲ್ಲಿ ತಪ್ಪನ್ನು ಗುರುತಿಸುವುದು ಹೇಗೆ, ಹಿಂದೆ ಬರುವುದು ಹೇಗೆ ಎಂಬುದನ್ನು ಸೇರಿಸಿ ಹೊಸ ಕೈಪಿಡಿ ಮಾಡಿದರು. ಕಲಿಯುವ ವೇಗ ಹೆಚ್ಚಿತು. 1990ರಲ್ಲಿ ಬಂದ ಅವರ ಪುಸ್ತಕ ಈ ವಿಷಯದಲ್ಲಿ ಇಂದಿಗೂ ಓದಬೇಕಾದದ್ದು.

ವಿಮಾನದವರ ಅನುಭವವೂ ನಮಗೆ ಒದಗುತ್ತದೆ. ದುರಸ್ತಿ ಕೈಪಿಡಿಯ ಇಂಗ್ಲಿಷ್ ಅರ್ಥವಾಗದೆ ಇಂಗ್ಲಿಷೇತರ ದೇಶಗಳ ಮೆಕ್ಯಾನಿಕ್‌ಗಳು ತಪ್ಪು ಮಾಡಿದರೆ ವಿಮಾನವೇ ಬೀಳುತ್ತದೆ. ಹಾಗಾಗಿ 1970ರ ದಶಕದ ಕೊನೆಯಲ್ಲಿ ಐರೋಪ್ಯ ವಿಮಾನಯಾನ ಸಂಸ್ಥೆಗಳು ಒತ್ತಾಯಿಸಿ, 1986ರಲ್ಲಿ ಸರಳೀಕೃತ ಇಂಗ್ಲಿಷಿನ ನಿಯಮಗಳು ಬಂದವು. ಒಂದು ಪದಕ್ಕೆ ಒಂದೇ ಅರ್ಥ. ಸೂಚನೆಯ ವಾಕ್ಯ 20 ಪದ ದಾಟುವಂತಿಲ್ಲ. ನಮ್ಮ ಇಲಾಖೆಗಳ ಕನ್ನಡ ಕೈಪಿಡಿಗೆ ಇದೇ ಅಳತೆ ಹಿಡಿದರೆ ಮೊದಲ ಪುಟವೇ ದಾಟುವುದಿಲ್ಲ. ‘ಬಳಕೆದಾರರು ಸದರಿ ತಂತ್ರಾಂಶವನ್ನು ಅನುಸ್ಥಾಪಿಸಿಕೊಳ್ಳತಕ್ಕದ್ದು’ ಎಂಬ ಧಾಟಿ ಸುತ್ತೋಲೆಯದು, ಕೆಲಸ ಹೇಳಿಕೊಡುವವರದ್ದಲ್ಲ. ಹೇಳಿಕೊಡುವ ಕನ್ನಡ ನಮ್ಮಲ್ಲಿ ಇಲ್ಲವೆಂದಲ್ಲ. 1996ರಲ್ಲೇ ವಿಶ್ವಕನ್ನಡ ಜಾಲಪತ್ರಿಕೆ ಆರಂಭಿಸಿದ ಯು.ಬಿ. ಪವನಜ, ಇಜ್ಞಾನದ ಟಿ.ಜಿ. ಶ್ರೀನಿಧಿ ಅಂಥವರು ವರ್ಷಗಟ್ಟಲೆ ಅದನ್ನು ಬರೆದು ತೋರಿಸಿದ್ದಾರೆ. ಆದರೆ ತಂತ್ರಾಂಶ ಮಾಡಿಸುವ ಇಲಾಖೆಗಳ ಕೈಪಿಡಿಯಲ್ಲಿ ಆ ಕನ್ನಡದ ಸುಳಿವೇ ಇಲ್ಲ.

ಮುಂದೆ ಎಲ್ಲವೂ ಮೊಬೈಲಿಗೆ ಬರುತ್ತದೆ, ಇನ್‌ಸ್ಟಾಲ್ ಗೋಳೇ ಇರುವುದಿಲ್ಲ ಎಂಬ ಆಶಾವಾದವೂ ಕೇಳಿಬರುತ್ತದೆ. ಬೆರಳಚ್ಚು ಯಂತ್ರವನ್ನು ಫೋನಿಗೆ ಸಿಕ್ಕಿಸಿದವರನ್ನು ಕೇಳಿ ನೋಡಿ. ಕೆಲವು ಫೋನ್‌ಗಳಲ್ಲಿ ಒಟಿಜಿ ಎಂಬ ಸ್ವಿಚ್ಚನ್ನು ಸೆಟ್ಟಿಂಗ್‌ನಲ್ಲಿ ಹುಡುಕಿ ಆನ್ ಮಾಡಬೇಕು; ಬಳಸದೆ ಹತ್ತು ನಿಮಿಷ ಬಿಟ್ಟರೆ ಅದು ತಾನಾಗಿ ಆಫ್ ಆಗುತ್ತದೆ. ಯಂತ್ರ ಹಾಳಾಯಿತೆಂದು ಹೊಸದು ಕೊಂಡವರೂ ಉಂಟು.

ಈಗ ಮತ್ತೊಂದು ಸುತ್ತು ಶುರುವಾಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಆಸರೆ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಹಳೆಯ ಪ್ರೊಸೆಸರುಗಳನ್ನು ಅದು ಒಪ್ಪುವುದಿಲ್ಲ. ಹಳೆಯ ಎಲ್0 ಮಟ್ಟದ ಬೆರಳಚ್ಚು ಯಂತ್ರಗಳ ಜಾಗಕ್ಕೆ ಎಲ್1 ಮಟ್ಟದವು ಬಂದಿವೆ. ಅಂದರೆ ಪಂಚಾಯಿತಿಯಲ್ಲೂ ಡೈರಿಯಲ್ಲೂ ಅಂಗಡಿಯಲ್ಲೂ ಎಲ್ಲವನ್ನೂ ಮೊದಲಿನಿಂದ ಹಾಕಬೇಕು. ಆ ಕೇಬಲ್, ಆ ಪೋರ್ಟ್ ಸಂಖ್ಯೆ, ಆ ಸ್ಕ್ರಾಲ್ ಲಾಕ್ ಎಲ್ಲವೂ ಮತ್ತೆ ಎದುರಾಗುತ್ತವೆ.

ದೊಡ್ಡ ಯೋಜನೆ ಏನೂ ಬೇಕಾಗಿಲ್ಲ. ತಂತ್ರಾಂಶದ ಟೆಂಡರಿನಲ್ಲಿ ಒಂದು ಷರತ್ತು ಸೇರಿಸಬಹುದು. ತಯಾರಿಸಿದವರು ಕೈಪಿಡಿಯ ಕರಡು ಹಿಡಿದು ಮುಳಬಾಗಿಲಿನ ಒಂದು ಪಂಚಾಯಿತಿಗೋ ಶ್ರೀನಿವಾಸಪುರದ ಒಂದು ಡೈರಿಗೋ ಬರಬೇಕು. ಆ ತಂತ್ರಾಂಶವನ್ನು ಎಂದೂ ಕಾಣದ ಆಪರೇಟರ್ ಒಬ್ಬರು ಅಲ್ಲಿನ ಹಳೆಯ ಕಂಪ್ಯೂಟರಿನಲ್ಲೇ, ಅಲ್ಲಿನ ಕರೆಂಟಿನಲ್ಲೇ ಅದನ್ನು ಹಾಕಬೇಕು. ತಯಾರಿಸಿದವರು ಬಾಯಿ ತೆರೆಯದೆ ಪಕ್ಕದಲ್ಲಿ ಕೂತು, ಕೈ ನಿಂತ ಜಾಗಗಳನ್ನೆಲ್ಲ ಗುರುತು ಹಾಕಿಕೊಳ್ಳಬೇಕು. ಆ ಜಾಗಗಳೂ ಅವುಗಳ ಪರಿಹಾರವೂ ಕನ್ನಡದಲ್ಲಿ ಅಚ್ಚಾಗಿ ಬರುವ ತನಕ ಕೊನೆಯ ಕಂತು ಬಿಡುಗಡೆ ಮಾಡಬಾರದು. ಆಪರೇಟರಿಗೆ ಆ ದಿನದ ಸಂಭಾವನೆ ಕೊಡಬೇಕು, ಕೈಪಿಡಿಯಲ್ಲಿ ಅವರ ಹೆಸರನ್ನೂ ಹಾಕಬೇಕು.